ಆಟದ ಒಡೆತನ, ನೋಟದ ಗಳಿಕೆ

ಒಬ್ಬನು ರಚಿಸಿದ ಕೃತಿಯಿಂದ ಮತ್ತೊಬ್ಬನು ಜೀವನ ಸಾಗಿಸುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಗ್ರಂಥಕರ್ತನ ಪುಸ್ತಕದಿಂದ ಮಾರಾಟಗಾರನಿಗೆ ಕಮಿಷನ್ ಸಿಗುತ್ತದೆ. ನಾಟಕಕಾರನ ಮಾತಿನಿಂದ ನಟನಿಗೆ ಸಂಭಾವನೆ ಸಿಗುತ್ತದೆ. ಪದ ಕಟ್ಟಿದವನು ಒಬ್ಬ, ಹಾಡಿ ಹೆಸರು ಪಡೆದವನು ಇನ್ನೊಬ್ಬ. ಇವು ಯಾವುವೂ ಅನ್ಯಾಯದ ಗಳಿಕೆಗಳಲ್ಲ. ಯಾರ ಶ್ರಮ ಎಷ್ಟು, ಯಾರಿಗೆ ಸಲ್ಲಬೇಕಾದುದು ಏನು ಎಂಬುದು ಇಲ್ಲೆಲ್ಲ ಒಪ್ಪಂದದಿಂದಲೋ ರೂಢಿಯಿಂದಲೋ ಮೊದಲೇ ನಿಶ್ಚಿತವಾಗಿರುತ್ತದೆ. ಆದರೆ ಕಳೆದ ಎರಡು ದಶಕಗಳಲ್ಲಿ, ಅಂಥ ನಿಶ್ಚಯ ಇನ್ನೂ ಆಗಿರದ ಹೊಸ ವೃತ್ತಿಯೊಂದು ಹುಟ್ಟಿಕೊಂಡಿದೆ. ಕಂಪ್ಯೂಟರಿನಲ್ಲಿ ಆಡುವ ವಿಡಿಯೊ ಗೇಮ್ ಒಂದನ್ನು ಕೊಂಡು, ಅದನ್ನು ಆದಿಯಿಂದ ಅಂತ್ಯದವರೆಗೆ ಆಡಿ, ತೆರೆಯ ಮೇಲೆ ಕಾಣುವುದನ್ನೆಲ್ಲ ಮುದ್ರಿಸಿಕೊಂಡು, ನಡುನಡುವೆ ತನ್ನ ಮಾತನ್ನು ಸೇರಿಸಿ, ಯೂಟ್ಯೂಬಿನಲ್ಲಿ ಪ್ರಕಟಿಸುವುದೇ ಆ ವೃತ್ತಿ. ಇಂಥ ವಿಡಿಯೊಗಳಿಗೆ ‘ಲೆಟ್ಸ್ ಪ್ಲೇ’ ಎಂಬ ಹೆಸರು ರೂಢಿಯಾಗಿದೆ. ಇವುಗಳಿಂದ ಬರುವ ಹಣ ಯಾರಿಗೆ ನ್ಯಾಯವಾಗಿ ಸಲ್ಲುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಮಕ್ಕಳಾಟದ ಪ್ರಶ್ನೆಯಂತೆ ಕಂಡರೂ, ಸ್ವಲ್ಪ ಒಳಹೊಕ್ಕು ನೋಡಿದರೆ ಅದು ಸ್ವತ್ತು, ಶ್ರಮ ಮತ್ತು ಋಣಗಳ ಪ್ರಶ್ನೆಯೇ ಆಗಿದೆ.

ಮೊದಲು ಈ ವ್ಯವಹಾರದ ಲೆಕ್ಕವನ್ನು ತಿಳಿಯುವುದು ಅವಶ್ಯ. ಯೂಟ್ಯೂಬ್ ಪ್ರಾರಂಭವಾದುದು 2005ರಲ್ಲಿ. 2007ರಿಂದ ಅದು ವಿಡಿಯೊ ಪ್ರಕಟಿಸುವವರಿಗೆ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡಲು ತೊಡಗಿತು. ಪೂರ್ಣಪ್ರಮಾಣದ ವಿಡಿಯೊಗಳೊಂದಿಗೆ ತೋರಿಸುವ ಜಾಹೀರಾತುಗಳ ಆದಾಯದಲ್ಲಿ ನೂರಕ್ಕೆ 55 ಪಾಲು ಪ್ರಕಟಿಸಿದವನಿಗೆ, ಉಳಿದ 45 ಪಾಲು ಕಂಪನಿಗೆ ಸೇರುತ್ತದೆ. ಹಣ ಕೊಡುವವನು ಜಾಹೀರಾತುದಾರ, ಹಂಚಿಕೊಳ್ಳುವವರು ಇಬ್ಬರು. ಈ ಜಮಾ-ಖರ್ಚಿನ ಪುಸ್ತಕದಲ್ಲಿ ಒಂದು ವಿಶೇಷವಿದೆ. ವಿಡಿಯೊದ ಪ್ರತಿಯೊಂದು ಕ್ಷಣವನ್ನೂ ತುಂಬಿರುವ ಚಿತ್ರ, ಸಂಗೀತ, ಸಂಭಾಷಣೆ, ಕಥೆ ಇವೆಲ್ಲವೂ ಯಾರ ವರ್ಷಾನುಗಟ್ಟಲೆ ಶ್ರಮದ ಫಲವೋ, ಅವನ ಹೆಸರಿಗೆ ಇಲ್ಲಿ ತಾನಾಗಿ ಖಾತೆಯೇ ತೆರೆದಿರುವುದಿಲ್ಲ. ಅವನಿಗೆ ಸಂದಿರುವುದು ವಿಡಿಯೊ ಮಾಡಿದವನು ಕೊಂಡ ಒಂದು ಪ್ರತಿಯ ಬೆಲೆ ಮಾತ್ರ.

ಇಷ್ಟನ್ನೇ ನೋಡಿ ಇದನ್ನು ಕಳವೆಂದು ಕರೆದುಬಿಡುವುದು ಅವಸರದ ತೀರ್ಪಾದೀತು. ಸ್ವೀಡನ್ ದೇಶದ ಮೊಜಾಂಗ್ ಸಂಸ್ಥೆಯ ‘ಮೈನ್‌ಕ್ರಾಫ್ಟ್’ ಎಂಬ ಆಟವನ್ನು ಗಮನಿಸಬಹುದು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಮಣ್ಣು, ಕಲ್ಲು, ಮರಗಳ ಚೌಕದ ಗಟ್ಟಿಗಳನ್ನು ಆಡುವವನ ಮುಂದೆ ಇಡಲಾಗುತ್ತದೆ. ಅವುಗಳಿಂದ ಗುಡಿಸಲನ್ನು ಕಟ್ಟುವುದೋ ಅರಮನೆಯನ್ನು ಕಟ್ಟುವುದೋ ಅವನ ಬುದ್ಧಿಗೆ ಬಿಟ್ಟುದು. ತಮ್ಮದೇ ಆದ ಹೊಸತನ್ನು ಸೇರಿಸಿ ವಿಡಿಯೊ ಮಾಡುವವರು ಅದರಿಂದ ಹಣ ಗಳಿಸಲು ಸಂಸ್ಥೆಯೇ ತನ್ನ ನಿಯಮಗಳಲ್ಲಿ ಅನುಮತಿ ನೀಡಿತು. ಆ ವಿಡಿಯೊಗಳನ್ನು ನೋಡಿದ ಮಕ್ಕಳು ತಾವೂ ಕಟ್ಟಬೇಕೆಂದು ಹಂಬಲಿಸಿ ಆಟವನ್ನು ಕೊಂಡರು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಮೊಜಾಂಗ್ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತೆಂದರೆ, ಆ ಖ್ಯಾತಿಯಲ್ಲಿ ವಿಡಿಯೊಗಳ ಪಾಲೂ ಇದೆ ಎನ್ನುವುದರಲ್ಲಿ ಸಂದೇಹವಿಲ್ಲ. ಇಲ್ಲಿ ರಚಿಸಿದವನಿಗೂ ಲಾಭ, ತೋರಿಸಿದವನಿಗೂ ಲಾಭ, ನೋಡಿದವನಿಗೂ ಲಾಭ. ಕಾರಣ ಸರಳವಾದುದು: ಸಂಸ್ಥೆ ಕೊಟ್ಟುದು ಇಟ್ಟಿಗೆ ಮತ್ತು ಗಾರೆ, ವಿಡಿಯೊದಲ್ಲಿ ಕಾಣುವುದು ಆಡುವವನು ಕಟ್ಟಿದ ಮನೆ.

ಎಲ್ಲ ಆಟಗಳೂ ಹೀಗಿರುವುದಿಲ್ಲವೆಂಬುದೇ ತೊಡಕಿನ ಮೂಲ. ಈ ತೊಡಕನ್ನು ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟದಷ್ಟು ನೋವಿನಿಂದ ತೋರಿಸಿಕೊಟ್ಟ ಇನ್ನೊಂದು ಕೃತಿಯನ್ನು ಹೆಸರಿಸುವುದು ಕಷ್ಟ. ಅಮೆರಿಕದ ಕೊಲರಾಡೊ ರಾಜ್ಯದ ರಯಾನ್ ಗ್ರೀನ್ ಮತ್ತು ಆಮಿ ಗ್ರೀನ್ ದಂಪತಿಗಳ ಮಗ ಜೋಯೆಲನಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಮೆದುಳಿನ ಕ್ಯಾನ್ಸರ್ ಪತ್ತೆಯಾಯಿತು. ವೈದ್ಯರು ಕೆಲವೇ ತಿಂಗಳುಗಳ ಆಯುಷ್ಯವನ್ನು ಹೇಳಿದ್ದರು. ಮಗು ನಾಲ್ಕು ವರ್ಷ ಬದುಕಿತು. 2014ರ ಮಾರ್ಚ್ 13ರಂದು ಐದನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಮಗು ಜೀವಂತವಾಗಿರುವಾಗಲೇ ತಂದೆಯು ಗೆಳೆಯ ಜಾಶ್ ಲಾರ್ಸನ್ ಜೊತೆಗೂಡಿ ಈ ಆಟವನ್ನು ರಚಿಸಲು ತೊಡಗಿದ್ದನು. ಮಗು ಹೋದ ಬಳಿಕವೂ ಕೆಲಸ ನಿಲ್ಲಲಿಲ್ಲ. ಜೋಯೆಲ್ ಬದುಕಿದ್ದರೆ ಅವನ ಏಳನೆಯ ಹುಟ್ಟುಹಬ್ಬವಾಗುತ್ತಿದ್ದ 2016ರ ಜನವರಿ 12ರಂದು ಆಟವು ಬಿಡುಗಡೆಯಾಯಿತು. ಅದರ ಬೆಲೆ 14.99 ಡಾಲರ್, ಆಡಿ ಮುಗಿಸಲು ಬೇಕಾದ ಸಮಯ ಸುಮಾರು ಎರಡು ಗಂಟೆ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ವಿಡಿಯೊ ಗೇಮ್‌ಗಳಿಗೆ ನೀಡುವ ಪ್ರಶಸ್ತಿಗಳಲ್ಲಿ ನಾವೀನ್ಯಕ್ಕಾಗಿ ಇರುವ ಪ್ರಶಸ್ತಿ ಇದಕ್ಕೆ ಸಂದಿತು.

ಕೃತಿಯಾಗಿ ಇದರ ಗುಣವೇನೆಂಬುದನ್ನು ನೋಡದೆ ಹಕ್ಕಿನ ಚರ್ಚೆಗೆ ತೊಡಗುವುದು ಸರಿಯಲ್ಲ. ಕೊಳದ ದಡದಲ್ಲಿ ಮಗು ಬಾತುಕೋಳಿಗೆ ರೊಟ್ಟಿಯ ಚೂರು ಎಸೆಯುವ ದೃಶ್ಯದಿಂದ ಆಟ ಆರಂಭವಾಗುತ್ತದೆ. ವೈದ್ಯರು ತಂದೆತಾಯಿಗಳಿಗೆ ಕೆಟ್ಟ ಸುದ್ದಿಯನ್ನು ಹೇಳುವ ಕೋಣೆಯಲ್ಲಿ ನೀರು ಮೆಲ್ಲಮೆಲ್ಲನೆ ಏರುತ್ತದೆ. ಆಸ್ಪತ್ರೆಯ ಓಣಿಗಳಲ್ಲಿ ಮಗುವನ್ನು ಕುಳ್ಳಿರಿಸಿದ ಪುಟ್ಟ ಗಾಡಿ ಓಡುತ್ತದೆ. ಇನ್ನೊಂದೆಡೆ ಯೋಜನೆಗೆ ಹಣದ ನೆರವಿತ್ತವರು ತಮ್ಮ ಅಗಲಿದ ಆಪ್ತರನ್ನು ನೆನೆದು ಬರೆದ ಕಾರ್ಡುಗಳು ಗೋಡೆಯ ಮೇಲೆಲ್ಲ ತೂಗುತ್ತವೆ. ಈ ದಂಪತಿಗಳು ಕ್ರೈಸ್ತ ಶ್ರದ್ಧೆಯವರು. ಅವರ ಪ್ರಾರ್ಥನೆಯೂ ಸಂಶಯವೂ ಜೊತೆಜೊತೆಯಾಗಿ ಕೃತಿಯಲ್ಲಿ ಕೇಳಿಬರುತ್ತವೆ. ಧ್ವನಿಗಳಲ್ಲಿ ಅನೇಕವು ಆ ಮನೆಯವರವೇ ಆಗಿವೆ.

ಇವೆಲ್ಲಕ್ಕಿಂತ ಮುಖ್ಯವಾದುದು ರಾತ್ರಿಯ ಆಸ್ಪತ್ರೆಯ ಒಂದು ದೃಶ್ಯ. ಕೋಣೆಯಲ್ಲಿ ತಂದೆ ಮತ್ತು ಮಗು ಇಬ್ಬರೇ. ಮಗುವಿಗೆ ತಡೆಯಲಾರದ ಬಾಯಾರಿಕೆ; ಕುಡಿದುದು ಒಳಗೆ ನಿಲ್ಲುವುದಿಲ್ಲ; ಅಳು ನಿಲ್ಲುವುದಿಲ್ಲ. ಆಡುವವನು ತಂದೆಯ ಸ್ಥಾನದಲ್ಲಿ ನಿಂತು ಹಣ್ಣಿನ ರಸವನ್ನು ಕೊಟ್ಟು ನೋಡಬಹುದು, ಎತ್ತಿಕೊಂಡು ತೂಗಬಹುದು, ಕೋಣೆಯಲ್ಲಿ ಅಡ್ಡಾಡಬಹುದು. ಏನು ಮಾಡಿದರೂ ಅಳು ನಿಲ್ಲದು. ಯಾವುದೇ ವಿಡಿಯೊ ಗೇಮಿನಲ್ಲಿ ಗುಂಡಿ ಒತ್ತಿದರೆ ಫಲ ಸಿಗಬೇಕೆಂಬುದು ಆಡುವವನ ಅಭ್ಯಾಸ. ಈ ಆಟವು ಅದೇ ಅಭ್ಯಾಸವನ್ನು ಹಿಡಿದು, ಪ್ರಯತ್ನವಿದ್ದೂ ಫಲವಿಲ್ಲದ ಸ್ಥಿತಿಯನ್ನು ಅವನ ಬೆರಳುಗಳಿಗೇ ತಿಳಿಯುವಂತೆ ಮಾಡುತ್ತದೆ. ಕಾದಂಬರಿಯು ಈ ಅಸಹಾಯಕತೆಯನ್ನು ವರ್ಣಿಸಬಲ್ಲದು, ಚಲನಚಿತ್ರವು ತೋರಿಸಬಲ್ಲದು. ಆದರೆ ನೋಡುವವನ ಕೈಯಿಂದಲೇ ಅದನ್ನು ಮಾಡಿಸಲು ಅವುಗಳಿಗೆ ಸಾಧ್ಯವಿಲ್ಲ. ಈ ಕೃತಿಯ ಹಿರಿಮೆ ಇರುವುದು ಇಲ್ಲಿ. ಕೆಲವೆಡೆ ಸಂಕೇತಗಳು ತೀರ ಒತ್ತಾಗಿವೆ, ಕೆಲವು ಭಾಗಗಳಲ್ಲಿ ಆಡುವವನಿಗೆ ಮಾಡಲು ಹೆಚ್ಚೇನೂ ಉಳಿದಿಲ್ಲ ಎಂಬ ಆಕ್ಷೇಪಣೆಗಳಲ್ಲಿ ಸತ್ಯಾಂಶವಿದೆ. ಆದರೂ ಆ ಒಂದು ರಾತ್ರಿಯ ದೃಶ್ಯಕ್ಕಾಗಿಯೇ ಕೃತಿಯು ಉಳಿಯತಕ್ಕುದಾಗಿದೆ.

ಆಟ ಬಿಡುಗಡೆಯಾದೊಡನೆ ಅದರ ಸಂಪೂರ್ಣ ವಿಡಿಯೊಗಳು ಯೂಟ್ಯೂಬಿನಲ್ಲಿ ಕಾಣಿಸಿಕೊಂಡವು. ಅವನ್ನು ಒಟ್ಟಾಗಿ ಲಕ್ಷಾಂತರ ಬಾರಿ ನೋಡಲಾಯಿತು. 2016ರ ಮಾರ್ಚಿನಲ್ಲಿ ರಯಾನ್ ಗ್ರೀನ್ ತಮ್ಮ ಸಂಸ್ಥೆಯ ಪರವಾಗಿ ಒಂದು ಬಹಿರಂಗ ಲೇಖನವನ್ನು ಪ್ರಕಟಿಸಿದನು. ಮಾರಾಟದಿಂದ ಬಂದ ಹಣವು ಸಾಲ ತೀರಿಸುವುದಕ್ಕೆ ಹೋಗಿ, ರಚನೆಕಾರರ ಕೈಗೆ ಅಲ್ಲಿಯವರೆಗೆ ಒಂದು ಡಾಲರೂ ಬಂದಿರಲಿಲ್ಲ ಎಂದು ಅದರಲ್ಲಿ ತಿಳಿಸಲಾಗಿತ್ತು. ಆಟಗಳ ಮಾರಾಟವನ್ನು ಹೊರಗಿನಿಂದ ಅಂದಾಜು ಮಾಡುವ ವ್ಯವಸ್ಥೆಯೊಂದರ ಪ್ರಕಾರ ಆಗ ಖರ್ಚಾಗಿದ್ದುದು ಸುಮಾರು 14 ಸಾವಿರ ಪ್ರತಿಗಳು. ನೋಡಿದವರ ಸಂಖ್ಯೆ ಮತ್ತು ಕೊಂಡವರ ಸಂಖ್ಯೆ ಇವುಗಳ ನಡುವಣ ಅಂತರವನ್ನು ಗಮನಿಸಬೇಕೆಂದು ಅವನು ಕೇಳಿಕೊಂಡನು. ಇಡೀ ಆಟವನ್ನು ಒಂದು ಮಾತೂ ಸೇರಿಸದೆ ಪ್ರಕಟಿಸಿದವರಿದ್ದರು. ತಮ್ಮ ಸರಕುಗಳ ಮಾರಾಟಕ್ಕೆ ದಾರಿ ತೋರಿಸಿ, ಆಟ ದೊರೆಯುವ ಸ್ಥಳವನ್ನು ಮಾತ್ರ ತಿಳಿಸದೆ ಬಿಟ್ಟವರಿದ್ದರು. ಆದರೂ ಲೇಖನದಲ್ಲಿ ಕಟುತ್ವವಿರಲಿಲ್ಲ. ವಿಡಿಯೊಗಳನ್ನು ತೆಗೆದುಹಾಕಿರೆಂಬ ಬೇಡಿಕೆಯೂ ಇರಲಿಲ್ಲ. ಆಯ್ದ ಭಾಗಗಳನ್ನು ತೋರಿಸಿ, ಆಟ ಎಲ್ಲಿ ದೊರೆಯುತ್ತದೆಂಬುದನ್ನು ತಿಳಿಸಿ, ನೋಡಿ ತೃಪ್ತರಾದವರು ಒಂದು ಡಾಲರನ್ನಾದರೂ ಕೊಟ್ಟರೆ ತಮ್ಮ ಕೆಲಸ ಮುಂದುವರಿಯುತ್ತದೆ ಎಂಬಷ್ಟೇ ವಿನಂತಿ ಅಲ್ಲಿತ್ತು.

ಈ ಅಹವಾಲನ್ನು ತೂಗುವಾಗ ಎರಡೂ ತಟ್ಟೆಗಳನ್ನು ನೋಡಬೇಕು. ವಿಡಿಯೊ ನೋಡಿದ ಪ್ರತಿಯೊಬ್ಬನೂ ಕೈತಪ್ಪಿಹೋದ ಗಿರಾಕಿ ಎಂದು ಬರೆದುಕೊಳ್ಳುವುದು ಸುಳ್ಳು ಲೆಕ್ಕವಾಗುತ್ತದೆ. ಅಂಗಡಿಯ ಮುಂದೆ ನಿಂತು ಸರಕನ್ನು ನೋಡಿದವರೆಲ್ಲ ಕೊಳ್ಳಲು ಬಂದವರಲ್ಲ. ವಿಡಿಯೊ ಇಲ್ಲದೆ ಹೋಗಿದ್ದರೆ ಅವರಲ್ಲಿ ಬಹುಪಾಲು ಜನರು ಈ ಆಟದ ಹೆಸರನ್ನೂ ಕೇಳುತ್ತಿರಲಿಲ್ಲ. ಹದಿನೈದು ಡಾಲರ್ ಕೊಡಲಾರದ ವಿದ್ಯಾರ್ಥಿ, ಆಟವಾಡುವ ಯಂತ್ರವಿಲ್ಲದ ಬಡವ, ಕೈ ಸ್ವಾಧೀನದಲ್ಲಿಲ್ಲದ ರೋಗಿ, ಇವರಿಗೆ ವಿಡಿಯೊ ಒಂದೇ ದಾರಿ. ಇನ್ನು ವಿಡಿಯೊ ಮಾಡಿದವರಲ್ಲಿ ಕೆಲವರು ಆಟದ ನಡುವೆ ಮಾತು ನಿಲ್ಲಿಸಿ, ತಮ್ಮ ಮನೆಯಲ್ಲಿ ನಡೆದ ಸಾವನ್ನು ನೆನೆದು ಕಣ್ಣೀರಿಟ್ಟರು. ಅವರ ಮಾತುಗಳು ನೋಡುವವರಿಗೆ ಸಾಂತ್ವನವನ್ನು ನೀಡಿದವು. ರಯಾನ್ ಗ್ರೀನನೂ ಇದನ್ನು ಕೃತಜ್ಞತೆಯಿಂದಲೇ ಒಪ್ಪಿಕೊಂಡಿದ್ದಾನೆ. ಅಂಥ ವಿಡಿಯೊ ಕೃತಿಯ ನಕಲಲ್ಲ, ಕೃತಿಗೆ ಕೊಟ್ಟ ಉತ್ತರ. ಅದರಲ್ಲಿ ಆಡಿದವನ ಸ್ವಂತ ಬಂಡವಾಳವಿದೆ.

ಇನ್ನೊಂದು ತಟ್ಟೆಯಲ್ಲಿರುವುದು ಇದಕ್ಕಿಂತ ಭಾರವಾದುದು. ಎರಡು ಗಂಟೆಯ, ಒಂದೇ ದಾರಿಯಲ್ಲಿ ಸಾಗುವ ಕಥೆಯನ್ನು ಪೂರ್ತಿಯಾಗಿ ನೋಡಿದವನಿಗೆ ಮತ್ತೆ ಆಟವನ್ನು ಕೊಳ್ಳುವ ಆವಶ್ಯಕತೆ ಕಾಣುವುದಿಲ್ಲ. ಮೈನ್‌ಕ್ರಾಫ್ಟ್ ಆಟದ ವಿಡಿಯೊ ಹಸಿವನ್ನು ಕೆರಳಿಸುತ್ತದೆ. ಇದರ ವಿಡಿಯೊ ಹಸಿವನ್ನು ತೀರಿಸುತ್ತದೆ. ಆದರೆ ತೀರಿದುದು ನಿಜವಾದ ಹಸಿವೇ? ಆಸ್ಪತ್ರೆಯ ಆ ರಾತ್ರಿಯಲ್ಲಿ ಗುಂಡಿಯನ್ನು ಒತ್ತಿದವನು ವಿಡಿಯೊ ಮಾಡಿದವನು. ನೋಡುವವನು ಕೈಕಟ್ಟಿ ಕುಳಿತಿದ್ದನು. ಕೈ ದುಡಿದೂ ಸೋಲುವುದರಲ್ಲಿ ಯಾವ ಅರ್ಥವಿತ್ತೋ ಅದು ಅವನನ್ನು ತಲಪಲೇ ಇಲ್ಲ. ಕಥೆ ತಲಪಿತು, ಕಣ್ಣೀರೂ ತಲಪಿತು, ಕೃತಿ ತಲಪಲಿಲ್ಲ. ಹೀಗೆ ರಚಿಸಿದವನು ತನ್ನ ಪ್ರತಿಫಲವನ್ನು ಕಳೆದುಕೊಂಡನು. ನೋಡಿದವನು ತನಗೆ ಸಿಗಬೇಕಾದ ಅನುಭವವನ್ನು, ಕಳೆದುಕೊಂಡೆನೆಂಬ ಅರಿವೂ ಇಲ್ಲದೆ ಕಳೆದುಕೊಂಡನು. ನಡುವೆ ನಿಂತವನೊಬ್ಬನಿಗೆ ಮಾತ್ರ ಆದಾಯ ಬಂದಿತು. ಕೊಡುವವನಿಗೂ ಕೊಳ್ಳುವವನಿಗೂ ನಷ್ಟವಾಗಿ ದಲ್ಲಾಳಿಗೆ ಮಾತ್ರ ಲಾಭವಾಗುವ ವ್ಯಾಪಾರವನ್ನು ಯಾವ ಪೇಟೆಯಲ್ಲಿಯೂ ಒಳ್ಳೆಯ ವ್ಯಾಪಾರವೆಂದು ಕರೆಯುವುದಿಲ್ಲ.

ಹಾಗೆಂದು ಒಡೆಯನ ಕೈಯಲ್ಲಿರುವ ಆಯುಧವೂ ನಿರ್ದೋಷಿಯಲ್ಲ. ಯೂಟ್ಯೂಬಿನಲ್ಲಿ ‘ಕಂಟೆಂಟ್ ಐಡಿ’ ಎಂಬ ಯಾಂತ್ರಿಕ ವ್ಯವಸ್ಥೆಯಿದೆ. ಹಕ್ಕುದಾರನು ತನ್ನ ಹಾಡನ್ನೋ ಚಿತ್ರವನ್ನೋ ಅದಕ್ಕೆ ಒಪ್ಪಿಸಿದರೆ, ಅದು ಪ್ರಕಟವಾಗುವ ವಿಡಿಯೊಗಳಲ್ಲಿ ಹೋಲಿಕೆಯನ್ನು ಹುಡುಕುತ್ತದೆ. ಹೋಲಿಕೆ ಸಿಕ್ಕಲ್ಲಿ ವಿಡಿಯೊವನ್ನು ತಡೆಯಬಹುದು, ಅಥವಾ ಅದರ ಜಾಹೀರಾತು ಆದಾಯವನ್ನು ಹಕ್ಕುದಾರನ ಕಡೆಗೆ ತಿರುಗಿಸಬಹುದು. ಈ ಆಟದ ಸಂಗೀತ ನಿರ್ದೇಶಕ ಜಾನ್ ಹಿಲ್‌ಮನ್‌ಗೆ ಅವನ ಸಂಗೀತದಿಂದ ಸ್ವಲ್ಪ ಆದಾಯ ಬರಲೆಂಬ ಉದ್ದೇಶದಿಂದ ಸಂಸ್ಥೆಯು ಈ ವ್ಯವಸ್ಥೆಯನ್ನು ಬಳಸಿತ್ತು. ಅದು ವಿಡಿಯೊ ಮಾಡಿದವರಲ್ಲಿ ಅಸಮಾಧಾನವನ್ನು ಹುಟ್ಟಿಸಿತು. ಯಂತ್ರವು ಸ್ವರವನ್ನು ಗುರುತಿಸಬಲ್ಲದು. ಆ ಸ್ವರದ ಮೇಲೆ ಮಾತನಾಡುತ್ತಿರುವವನು ಸುಮ್ಮನೆ ಹರಟುತ್ತಿದ್ದಾನೆಯೋ, ತನ್ನ ತಮ್ಮನ ಸಾವನ್ನು ಹೇಳುತ್ತಿದ್ದಾನೆಯೋ ಎಂಬುದನ್ನು ಅದು ತಿಳಿಯದು. ಹತ್ತರಲ್ಲಿ ಎರಡು ಪಾಲು ಸಲ್ಲಬೇಕಾದವನಿಗೆ ಹತ್ತೂ ಪಾಲನ್ನು ಕೊಡುವ ತೀರ್ಮಾನವೂ ನ್ಯಾಯವಲ್ಲ.

ಕಾನೂನು ಈ ತೊಡಕನ್ನು ಎಷ್ಟರಮಟ್ಟಿಗೆ ಬಿಡಿಸಿದೆ? ಆಟದ ತೆರೆಯ ಮೇಲೆ ಮೂಡುವ ಚಿತ್ರಸರಣಿಯ ಕರ್ತೃ ಯಾರು ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳ ಮುಂದೆ ನಲವತ್ತು ವರ್ಷಗಳ ಹಿಂದೆಯೇ ಬಂದಿತ್ತು. ‘ಪ್ಯಾಕ್-ಮ್ಯಾನ್’ ಮುಂತಾದ ಆಟಗಳ ಕುರಿತ 1983ರ ಒಂದು ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು, ಆಡುವವನು ಕಾದಂಬರಿ ಬರೆಯುವವನಂತಲ್ಲ, ದೂರದರ್ಶನದ ಚಾನಲ್ಲುಗಳನ್ನು ಬದಲಿಸುವವನಂತೆ ಎಂಬ ಅಭಿಪ್ರಾಯವನ್ನು ತಾಳಿತು. ಆ ಕಾಲದ ಸರಳ ಆಟಗಳಿಗೆ ಈ ಹೋಲಿಕೆ ಒಪ್ಪುತ್ತಿತ್ತು. ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಆಟಕ್ಕೂ ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಮೈನ್‌ಕ್ರಾಫ್ಟಿನಲ್ಲಿ ತಿಂಗಳುಗಟ್ಟಲೆ ಕುಳಿತು ನಗರವನ್ನು ಕಟ್ಟಿದವನಿಗೆ ಇದನ್ನು ಅನ್ವಯಿಸಿದರೆ ಅನ್ಯಾಯವಾಗುತ್ತದೆ. ಚದುರಂಗದ ಹಲಗೆಯನ್ನು ಮಾಡಿದ ಬಡಗಿಯು, ಆ ಹಲಗೆಯ ಮೇಲೆ ಇಬ್ಬರು ಆಡಿದ ನಡೆಗಳೆಲ್ಲ ತನ್ನವೆಂದು ಹೇಳಲಾಗದು.

ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆಯು ‘ನ್ಯಾಯವಾದ ಬಳಕೆ’ಯನ್ನು ಅಳೆಯಲು ನಾಲ್ಕು ಅಂಶಗಳನ್ನು ಕೊಟ್ಟಿದೆ: ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ತೆಗೆದುಕೊಂಡ ಭಾಗದ ಪ್ರಮಾಣ, ಮತ್ತು ಮೂಲಕೃತಿಯ ಮಾರುಕಟ್ಟೆಯ ಮೇಲೆ ಅದರ ಪರಿಣಾಮ. 2017ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆ, ಅದು ಆಟದ ವಿಡಿಯೊವಿಗೆ ಸಂಬಂಧಿಸಿದುದಲ್ಲವಾದರೂ, ಇಲ್ಲಿ ಪ್ರಸ್ತುತವಾಗಿದೆ. ಬೇರೊಬ್ಬನ ಐದು ನಿಮಿಷ ಚಿಲ್ಲರೆಯ ವಿಡಿಯೊದಿಂದ ಮೂರು ನಿಮಿಷಕ್ಕೂ ಹೆಚ್ಚು ಭಾಗವನ್ನು ತೆಗೆದುಕೊಂಡು, ಅದನ್ನು ತುಂಡುತುಂಡಾಗಿ ನಿಲ್ಲಿಸಿ ಟೀಕಿಸುತ್ತ ದಂಪತಿಗಳಿಬ್ಬರು ಹದಿನಾಲ್ಕು ನಿಮಿಷಗಳಷ್ಟು ವಿಡಿಯೊ ಮಾಡಿದ್ದರು. ಅದು ವಿಮರ್ಶೆಯೇ ಆಗಿರುವುದರಿಂದ ನ್ಯಾಯವಾದ ಬಳಕೆ ಎಂದು ತೀರ್ಪಾಯಿತು. ಆದರೆ ಇಂಥ ವಿಡಿಯೊಗಳೆಲ್ಲವೂ ಹೀಗಿರುವುದಿಲ್ಲ, ಕೆಲವು ಯಾವ ಟೀಕೆಯೂ ಇಲ್ಲದೆ ಹಲವರು ಕೂಡಿ ಕುಳಿತು ನೋಡಿದಂತೆ ಇರುತ್ತವೆ ಎಂಬ ಎಚ್ಚರಿಕೆಯ ಮಾತನ್ನೂ ನ್ಯಾಯಾಧೀಶರು ಸೇರಿಸಿದರು. ಭಾರತದ 1957ರ ಕಾಯಿದೆಯ 52ನೆಯ ಕಲಮು ಕೂಡ ವಿಮರ್ಶೆ ಅಥವಾ ಅವಲೋಕನಕ್ಕಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಅವಕಾಶವಿತ್ತಿದೆ. ಆಟದ ವಿಡಿಯೊಗಳನ್ನು ಪ್ರಕಟಿಸುವ ನಮ್ಮ ನಾಡಿನ ತರುಣರು ಗಮನಿಸತಕ್ಕ ಅಂಶವೆಂದರೆ, ‘ವಿಮರ್ಶೆ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಎರಡು ಗಂಟೆಯ ಪ್ರದರ್ಶನವು ವಿಮರ್ಶೆಯಾಗುವುದಿಲ್ಲ. ಪುಸ್ತಕವನ್ನು ವಿಮರ್ಶಿಸುವವನು ನಾಲ್ಕು ವಾಕ್ಯಗಳನ್ನು ಎತ್ತಿಕೊಡುತ್ತಾನೆ. ಇಡೀ ಪುಸ್ತಕವನ್ನು ಓದಿ ಕೇಳಿಸಿ ‘ಚೆನ್ನಾಗಿದೆ’ ಎನ್ನುವುದಿಲ್ಲ.

ಜಪಾನಿನಲ್ಲಿ ಈ ವಿಷಯವು ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. ಕಥಾಪ್ರಧಾನವಾದ ‘ಸ್ಟೈನ್ಸ್;ಗೇಟ್’ ಸರಣಿಯ ಒಂದು ಆಟದ ವಿಡಿಯೊವನ್ನು ಅದರ ಅಂತ್ಯದ ಸಮೇತ ಪ್ರಕಟಿಸಿ ಜಾಹೀರಾತಿನಿಂದ ಹಣ ಗಳಿಸಿದ ವ್ಯಕ್ತಿಯೊಬ್ಬನನ್ನು 2023ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಅನಿಮೆ ಚಿತ್ರಗಳನ್ನು ಕತ್ತರಿಸಿ ಸಂಕ್ಷೇಪಿಸಿ ಪ್ರಕಟಿಸಿದ ಆರೋಪವೂ ಅವನ ಮೇಲಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೆಂದಾಯ್ ಜಿಲ್ಲಾ ನ್ಯಾಯಾಲಯವು ಎರಡು ವರ್ಷಗಳ ಸೆರೆವಾಸವನ್ನು ವಿಧಿಸಿ, ಅದನ್ನು ಐದು ವರ್ಷ ಅಮಾನತಿನಲ್ಲಿರಿಸಿ, ಹತ್ತು ಲಕ್ಷ ಯೆನ್ ದಂಡವನ್ನು ಹಾಕಿತು. ಆಡಿದರೂ ಬದಲಾಗದ ಕಥೆಯೇ ಯಾವ ಆಟದ ಜೀವಾಳವೋ, ಆ ಕಥೆಯ ಕೊನೆಯನ್ನು ಬೀದಿಯಲ್ಲಿ ಹಂಚಿ ಹಣ ಗಳಿಸುವುದು ಆ ದೇಶದಲ್ಲಿ ಶಿಕ್ಷಾರ್ಹ ಅಪರಾಧವೆಂಬುದು ಇದರಿಂದ ಸ್ಪಷ್ಟವಾಯಿತು.

ದೊಡ್ಡ ಕಂಪನಿಗಳ ನಡೆನುಡಿಯೂ ಒಂದೇ ಬಗೆಯದಾಗಿಲ್ಲ. ಜಪಾನಿನ ನಿಂಟೆಂಡೊ ಕಂಪನಿಯು 2013ರಲ್ಲಿ ತನ್ನ ಆಟಗಳ ವಿಡಿಯೊಗಳ ಮೇಲೆ ಹಕ್ಕು ಸಾಧಿಸಿ ಜಾಹೀರಾತಿನ ಆದಾಯವನ್ನು ತಾನೇ ತೆಗೆದುಕೊಳ್ಳತೊಡಗಿತು. ವಿರೋಧ ಬಂದ ಮೇಲೆ 2015ರಲ್ಲಿ ಪಾಲುದಾರಿಕೆಯ ಯೋಜನೆಯೊಂದನ್ನು ತಂದಿತು. ಒಂದೊಂದೇ ವಿಡಿಯೊವನ್ನು ನೋಂದಾಯಿಸಿದವನಿಗೆ ನೂರಕ್ಕೆ 60, ಇಡೀ ಚಾನಲನ್ನು ನೋಂದಾಯಿಸಿದವನಿಗೆ ನೂರಕ್ಕೆ 70 ಪಾಲು. 2018ರ ಕೊನೆಯಲ್ಲಿ ಅದನ್ನೂ ಕೈಬಿಟ್ಟು, ವಿಡಿಯೊ ಮಾಡುವವನು ತನ್ನದೇ ಆದ ಸೃಜನಶೀಲ ಅಂಶವನ್ನೋ ವ್ಯಾಖ್ಯಾನವನ್ನೋ ಸೇರಿಸಿದ್ದರೆ ಗಳಿಸಲು ಅಡ್ಡಿಯಿಲ್ಲವೆಂಬ ನಿಯಮವನ್ನು ಪ್ರಕಟಿಸಿತು. 2017ರಲ್ಲಿ ಅಟ್ಲಸ್ ಕಂಪನಿಯು ತನ್ನ ‘ಪರ್ಸೋನಾ 5’ ಎಂಬ ದೀರ್ಘ ಕಥೆಯ ಆಟದಲ್ಲಿ ಕಥೆಯ ದಿನಗಣನೆಯ ಜುಲೈ 7ರ ಆಚೆಗೆ ಏನನ್ನೂ ತೋರಿಸಬಾರದೆಂದು ಕಟ್ಟಪ್ಪಣೆ ಮಾಡಿತು. ಅಭಿಮಾನಿಗಳು ಬೇಸರಗೊಂಡಾಗ ಕ್ಷಮೆ ಕೇಳಿ ಆ ಮೇರೆಯನ್ನು ನವೆಂಬರ್ 19ಕ್ಕೆ ಸರಿಸಿತು. ಅಧಿಕಾರದಿಂದ ತೊಡಗಿ ಅನುಭವದಿಂದ ಮಿತಿಗೆ ಬಂದ ದೃಷ್ಟಾಂತಗಳಿವು.

ಇನ್ನೊಂದು ದೃಷ್ಟಾಂತ ಇವುಗಳಿಗಿಂತ ಹೆಚ್ಚು ಚಿಂತನೀಯವಾದುದು. ‘ಫೈರ್‌ವಾಚ್’ ಎಂಬ ಆಟವನ್ನು ರಚಿಸಿದ ಕ್ಯಾಂಪೊ ಸ್ಯಾಂಟೊ ಸಂಸ್ಥೆಯು ತನ್ನ ಆಟದ ವಿಡಿಯೊ ಮಾಡಿ ಗಳಿಸಲು ಎಲ್ಲರಿಗೂ ಮುಕ್ತ ಅನುಮತಿಯನ್ನಿತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಅತ್ಯಂತ ಪ್ರಸಿದ್ಧನಾದ ವಿಡಿಯೊಕಾರನೊಬ್ಬನು ಬೇರೊಂದು ಆಟವನ್ನು ನೇರ ಪ್ರಸಾರದಲ್ಲಿ ಆಡುತ್ತಿದ್ದಾಗ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವನ್ನು ಬಳಸಿದನು. ಕೂಡಲೇ ಸಂಸ್ಥೆಯು ಅವನು ಹಿಂದೆ ಮಾಡಿದ್ದ ಫೈರ್‌ವಾಚ್ ವಿಡಿಯೊದ ವಿರುದ್ಧ ಕೃತಿಸ್ವಾಮ್ಯದ ನೋಟೀಸನ್ನು ಹೊರಡಿಸಿತು. ಆ ಬೈಗುಳ ಖಂಡನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೃತಿಸ್ವಾಮ್ಯವು ಕೃತಿಯನ್ನು ಕದಿಯುವುದರ ವಿರುದ್ಧ ಇರುವ ರಕ್ಷಣೆಯೇ ಹೊರತು ನಡತೆಯನ್ನು ತಿದ್ದುವ ಬೆತ್ತವಲ್ಲ. ಇಂದು ತಪ್ಪಿತಸ್ಥನ ಮೇಲೆ ಬೀಸಿದ ಬೆತ್ತ ನಾಳೆ ಆಟವನ್ನು ಪ್ರಾಮಾಣಿಕವಾಗಿ ಟೀಕಿಸಿದ ವಿಮರ್ಶಕನ ಮೇಲೂ ಬೀಳಬಹುದು. ಜೊತೆಗೆ ಇನ್ನೊಂದು ಸತ್ಯವೂ ಬಯಲಾಯಿತು: ಅಸಂಖ್ಯ ಜನರು ತಮ್ಮ ಹಕ್ಕೆಂದು ತಿಳಿದು ನಡೆಸುತ್ತಿರುವ ಈ ಜೀವನೋಪಾಯವು ಬಹುಮಟ್ಟಿಗೆ ಒಡೆಯನ ಅನುಗ್ರಹದ ಮೇಲೆ ನಿಂತಿದೆ. ಅನುಗ್ರಹವನ್ನು ಹಿಂತೆಗೆದುಕೊಂಡ ದಿನ ಕೆಳಗೆ ನೆಲವಿರುವುದಿಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ಒಂದು ಅಳತೆಗೋಲು ಕೈಗೆ ಸಿಗುತ್ತದೆ. ತೆರೆಯ ಮೇಲೆ ಕಾಣುವುದರಲ್ಲಿ ಆಡುವವನ ಸ್ವಂತದ್ದು ಎಷ್ಟು? ಆಟವು ಕೇವಲ ಸಾಮಗ್ರಿಯನ್ನು ಕೊಟ್ಟು, ಕೌಶಲವನ್ನು ಆಡುವವನಿಂದ ಬಯಸುವುದಾದರೆ, ವಿಡಿಯೊದ ಗಳಿಕೆಯಲ್ಲಿ ಅವನ ಹಕ್ಕು ಬಲವಾದುದು. ಆಟವು ಕಥೆಯನ್ನೇ ಕೊಟ್ಟು, ಆಡುವವನಿಂದ ಪುಟ ತಿರುಗಿಸುವಷ್ಟನ್ನು ಮಾತ್ರ ಬಯಸುವುದಾದರೆ, ಅವನ ಹಕ್ಕು ಅವನು ಸೇರಿಸಿದ ಮಾತಿನ ತೂಕಕ್ಕಿಂತ ಹೆಚ್ಚಾಗಲಾರದು. ಈ ತೂಕವನ್ನು ಯಂತ್ರವು ಮಾಡಲಾರದು. ನ್ಯಾಯಾಲಯವು ಪ್ರತಿಯೊಂದು ವಿಡಿಯೊವಿಗೂ ಕುಳಿತು ಮಾಡುವಂತಿಲ್ಲ. ಮೊದಲ ತೂಕವನ್ನು ಗಳಿಸುವವನೇ ತನ್ನ ಕೈಯಾರೆ ಮಾಡಬೇಕಾಗಿದೆ.

ಹಾಗೆ ಮಾಡುವುದು ಕಠಿಣವೂ ಅಲ್ಲ. ಪ್ರಕಟಿಸುವ ಮುನ್ನ ಆಟದ ಒಡೆಯನು ಏನನ್ನು ಒಪ್ಪಿದ್ದಾನೆಂಬುದನ್ನು ಓದಿ ತಿಳಿಯುವುದು. ಕಥಾಪ್ರಧಾನವಾದ ಆಟದಲ್ಲಿ ಅಂತ್ಯವನ್ನು ಮರೆಯಾಗಿಡುವುದು. ಮೌನವಾಗಿ ತೋರಿಸುವ ಬದಲು ಹೇಳಲು ಏನಾದರೂ ಇದ್ದಾಗ ಮಾತ್ರ ತೋರಿಸುವುದು. ರಚಿಸಿದವರ ಹೆಸರನ್ನೂ ಆಟ ದೊರೆಯುವ ಸ್ಥಳವನ್ನೂ ತನ್ನ ಹೆಸರಿಗಿಂತ ಮೊದಲು ಹೇಳುವುದು. ಸಣ್ಣ ರಚನೆಕಾರನ ಕೃತಿಯಿಂದ ದೊಡ್ಡ ಆದಾಯ ಬಂದಲ್ಲಿ ಅದರ ಒಂದಂಶವನ್ನು ಅವನಿಗೆ ತಲಪಿಸುವುದು. ಇವುಗಳಲ್ಲಿ ಕೊನೆಯದನ್ನು ಯಾವ ಕಾಯಿದೆಯೂ ಒತ್ತಾಯಿಸುವುದಿಲ್ಲ. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ನಿಯಮದ ನಿಜವಾದ ಪರೀಕ್ಷೆ ನಡೆಯುವುದು ಕಾಯಿದೆಯ ಒತ್ತಾಯವಿಲ್ಲದ ಜಾಗದಲ್ಲಿಯೇ. ನೋಡುವವನಿಗೂ ಇದರಲ್ಲಿ ಪಾಲಿದೆ. ಪುಕ್ಕಟೆಯಾಗಿ ದೊರೆತುದಕ್ಕೆ ಬೆಲೆಯೇ ಇಲ್ಲವೆಂದು ಅವನು ತಿಳಿಯಬಾರದು. ಬೆಲೆಯನ್ನು ಅವನ ಬದಲು ಬೇರೆ ಯಾರೋ ತೆತ್ತಿದ್ದಾರೆ ಎಂದಷ್ಟೇ ಅದರ ಅರ್ಥ.

ರಯಾನ್ ಗ್ರೀನ್ ಕೇಳಿದ್ದು ಒಬ್ಬೊಬ್ಬರಿಂದ ಒಂದು ಡಾಲರ್. ನಷ್ಟಪರಿಹಾರವನ್ನು ಅವನು ಕೇಳಲಿಲ್ಲ, ನ್ಯಾಯಾಲಯಕ್ಕೆ ಹೋಗುವೆನೆಂದು ಹೆದರಿಸಲಿಲ್ಲ. ತನ್ನ ಮಗುವಿನ ಕೊನೆಯ ದಿನಗಳನ್ನು ಲೋಕದ ಮುಂದೆ ತೆರೆದಿಟ್ಟ ತಂದೆಯು, ಅದನ್ನು ನೋಡಿ ಮನಕರಗಿದವರು ತನ್ನ ಕೆಲಸವನ್ನೂ ಕಾಣಲಿ ಎಂದಷ್ಟೇ ಬಯಸಿದನು. ಕೃತಿಸ್ವಾಮ್ಯದ ಕಾಯಿದೆಗಳೆಲ್ಲವೂ ತಮ್ಮ ಉದ್ದುದ್ದ ಕಲಮುಗಳಲ್ಲಿ ಕಾಪಾಡಲು ಹೊರಟಿರುವುದು ಕೊನೆಗೆ ಇಂಥದೊಂದು ಬಯಕೆಯನ್ನೇ. ಅದನ್ನು ನೋಟೀಸು ಬರುವ ಮುನ್ನವೇ ನಡೆಸಿಕೊಡುವವನು ವಿಡಿಯೊ ಮಾಡಿ ಎಷ್ಟೇ ಗಳಿಸಲಿ, ಆ ಗಳಿಕೆಯಲ್ಲಿ ಇನ್ನೊಬ್ಬರ ಋಣ ಉಳಿಯುವುದಿಲ್ಲ.